ಕಾರ್ಡು ತೆಗೆಯುವುದೋ ಬಿಡುವುದೋ ಮಾರಾಯ್ರೇ?

ಬ್ಯಾಂಕಿನ ಕೌಂಟರಿನಲ್ಲಿ ಸಣ್ಣ ಮೊತ್ತದ ಚೀಟಿ ಕೊಟ್ಟು ನೋಡಿ. ಒಳಗಿನವರ ಬೆರಳು ಬಾಗಿಲ ಕಡೆ ತಿರುಗುತ್ತದೆ: ‘ಹೊರಗೆ ಮೆಷಿನ್ ಉಂಟಲ್ಲ?’ ಉಂಟು, ಉಂಟು. ಮಂಗಳೂರಿನ ಹಂಪನಕಟ್ಟೆಯಿಂದ ಕಂಕನಾಡಿವರೆಗೆ ಬೇಕಾದಷ್ಟು ಉಂಟು. ಒಂದರ ಹಾಗೆ ಇನ್ನೊಂದಿಲ್ಲ, ಅಷ್ಟೇ.

ಕಾರ್ಡು ತೂರಿಸುವಲ್ಲಿಂದಲೇ ಗೊಂದಲ. ಒಂದು ಎಟಿಎಂ ಅದನ್ನು ಪೂರ್ತಿ ನುಂಗುತ್ತದೆ. ಇನ್ನೊಂದು ಅರ್ಧ ಕಚ್ಚಿಕೊಂಡು ಕೊನೆಯವರೆಗೂ ಬಿಡುವುದಿಲ್ಲ. ಹಳೇ ಅಭ್ಯಾಸದಲ್ಲಿ ಹಾಕಿದ ಹಾಗೇ ಎಳೆದರೆ ಚಿಪ್ ಓದಲಾಗದೆ ‘ವ್ಯವಹಾರ ರದ್ದು’. ಹಾಗಂತ ಕಾರ್ಡನ್ನು ಅಲ್ಲೇ ಬಿಟ್ಟು ಕಾದರೆ, ಹಾಕಿ ತೆಗೆಯಬೇಕಾದ ಹಳೇ ಯಂತ್ರ ನಿಮ್ಮನ್ನೇ ನೋಡುತ್ತ ನಿಂತಿರುತ್ತದೆ. ರೈಲ್ವೆ ನಿಲ್ದಾಣದ ಟಿಕೆಟ್ ಯಂತ್ರದ ಶಾಸ್ತ್ರ ಬೇರೆಯೇ. ಅಲ್ಲಿ ಸ್ಮಾರ್ಟ್ ಕಾರ್ಡನ್ನು ತಟ್ಟೆಯ ಮೇಲಿಟ್ಟರೆ ಟಿಕೆಟ್ ಕೈಗೆ ಬರುವವರೆಗೆ ಎತ್ತಕೂಡದು.

ಆಮೇಲೆ ಪಿನ್. ಕೆಲವು ಯಂತ್ರಗಳಿಗೆ ಭಾಷೆ ಆರಿಸಿದ ಕೂಡಲೇ ಬೇಕು. ಕೆಲವಕ್ಕೆ ಉಳಿತಾಯವೋ ಚಾಲ್ತಿಯೋ, ಎಷ್ಟು ರೂಪಾಯಿ, ಎಲ್ಲ ವಿಚಾರಿಸಿಯಾದ ಮೇಲೆ. ನಾಲ್ಕು ಅಂಕೆ ಒತ್ತಿದ್ದಾಯಿತು, ಹಸಿರು ಗುಂಡಿ ಒತ್ತಬೇಕೇ? ಒಂದರಲ್ಲಿ ಒತ್ತದಿದ್ದರೆ ‘ಸಮಯ ಮೀರಿದೆ’. ಇನ್ನೊಂದು ನಾಲ್ಕನೇ ಅಂಕೆಗೇ ಮುಂದಿನ ಪರದೆಗೆ ಹಾರಿರುತ್ತದೆ. ಪರದೆಯ ಎರಡು ಬದಿಯ ಗುಂಡಿಗಳ ಕಥೆ ಇನ್ನೂ ಚಂದ. ಪರದೆ ದಪ್ಪ ಗಾಜಿನ ಹಿಂದೆ, ಒಳಗೆ ಕೂತಿರುತ್ತದೆ. ಎತ್ತರದವರಿಗೆ 2,000ದ ಸಾಲು ಒಂದು ಗುಂಡಿಯ ನೇರಕ್ಕೆ ಕಂಡರೆ ಗಿಡ್ಡದವರಿಗೆ ಅದರ ಪಕ್ಕದ ಗುಂಡಿಯ ನೇರಕ್ಕೆ. ಬೆರಳು ತಾಗಿಸುವ ಹೊಸ ಪರದೆ ಬಂದ ಮೇಲೂ ಆ ಗುಂಡಿಗಳನ್ನು ಕಿತ್ತಿಲ್ಲ, ಜನ ಸತ್ತ ಗುಂಡಿಯನ್ನು ಕುಟ್ಟುತ್ತಲೇ ಇದ್ದಾರೆ.

ಕೆಳಗಿನ ಲೋಹದ ಅಂಕೆಪಟ್ಟಿ ಮಾಡಿದವರಿಗೆ ಮಾತ್ರ ಕೈಮುಗಿಯಬೇಕು. ಕೆಂಪು ಒತ್ತಿದರೆ ರದ್ದು, ಹಳದಿ ಒತ್ತಿದರೆ ಅಳಿಸು, ಹಸಿರು ಒತ್ತಿದರೆ ಮುಂದೆ, 5ರ ಮೇಲೆ ಕಣ್ಣು ಕಾಣದವರ ಬೆರಳಿಗೆ ಸಿಗುವ ಉಬ್ಬು. ಇಷ್ಟರಲ್ಲಿ ಎಲ್ಲರೂ ಒಮ್ಮತಕ್ಕೆ ಬಂದಿದ್ದಾರೆ. ಅದರ ಮೇಲಿನ ಹತ್ತಿಂಚು ಜಾಗದಲ್ಲಿ ಒಂದೊಂದು ಬ್ಯಾಂಕಿಗೂ ಒಂದೊಂದು ಸ್ವರಾಜ್ಯ.

ಇದೆಲ್ಲ ನಡೆಯುವುದು ಯಾವ ಊರಿನಲ್ಲಿ! 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಜಗಲಿಗೊಂದು ಬ್ಯಾಂಕ್ ಹೆತ್ತ ಹಳೇ ದಕ್ಷಿಣ ಕನ್ನಡ ಜಿಲ್ಲೆ ಇದು. 1928ರಲ್ಲಿ ಸಿಂಡಿಕೇಟಿನವರು ದಿನವೂ ಚೂರುಚೂರು ಕೂಡಿಡುವ ಪಿಗ್ಮಿ ಠೇವಣಿ ಶುರು ಮಾಡಿದಾಗ ಎರಡಾಣೆ ಉಳಿತಾಯಕ್ಕೂ ಏಜೆಂಟರು ಮನೆ ಬಾಗಿಲಿಗೆ ಬರುತ್ತಿದ್ದರು. ಅವರಿಗೆ ಪಿನ್ ಬೇಡ, ಪರದೆ ಬೇಡ, ‘ಅಮ್ಮಾ, ಪಿಗ್ಮಿ’ ಅಂದರೆ ಮುಗಿಯಿತು. ಈಗ ಐದರಲ್ಲಿ ಮೂರರ ಹೆಸರೇ ವಿಲೀನದಲ್ಲಿ ಹೋಯಿತು. ಪುಸ್ತಕ ಬದಲಾಯಿತು, ಐಎಫ್‌ಎಸ್‌ಸಿ ಬದಲಾಯಿತು. ಪಾಸ್‌ಬುಕ್ ಮುದ್ರಿಸುವ ಯಂತ್ರಕ್ಕೆ ಬೇಕಾದ ಬಾರ್‌ಕೋಡ್ ಚೀಟಿ ಅಂಟಿಸಿಕೊಳ್ಳಲು ಮತ್ತೆ ಅದೇ ಕೌಂಟರಿನ ಮುಂದೆ ನಿಲ್ಲಬೇಕು. ಆ ಚೀಟಿಯ ಮೂಲೆ ಸವೆದರೆ ಮತ್ತೊಮ್ಮೆ.

ಹಣ ಕಟ್ಟುವ ಯಂತ್ರವಂತೂ ಕರಾವಳಿಯ ಮಳೆಗಾಲವನ್ನು ಕಂಡೇ ಇಲ್ಲ. ಅದಕ್ಕೆ ಬೇಕಾದದ್ದು ಗರಿಗರಿ ನೋಟು: ಮಡಿಕೆ ಬಿಡಿಸಿ, ಪಿನ್ನು ಕಿತ್ತು, ಅಂಚು ಸರಿಮಾಡಿ ಇಡಬೇಕು. ಬಂದರಿನಲ್ಲಿ ಮೀನು ಮಾರುವವರ ನೋಟು ಜುಲೈ ತಿಂಗಳಲ್ಲಿ ಗರಿಗರಿಯಾಗಿರುವುದೆಂದರೇನು? ತೇವಕ್ಕೆ ಎರಡು ನೋಟು ಅಂಟಿದ್ದರೆ ಒಳಗಿನ ಸಂವೇದಕಕ್ಕೆ ದಪ್ಪ ಹೆಚ್ಚಾಗಿ ಕಂಡು ವಾಪಸ್ ಉಗುಳುತ್ತದೆ. ಯಾವ ನೋಟು, ಏನು ದೋಷ ಎಂದು ಹೇಳುವುದಿಲ್ಲ. ಕಾರ್ಡಿಲ್ಲದೆ ಖಾತೆ ಸಂಖ್ಯೆ ಒತ್ತಿ ಕಟ್ಟುವುದಾದರೆ ಮಿತಿ ಸಾಮಾನ್ಯವಾಗಿ 49,900. ಐವತ್ತು ಸಾವಿರ ದಾಟಿದರೆ ಪ್ಯಾನ್ ಸಂಗತಿ ಬರುತ್ತಿತ್ತು, ಹಾಗಾಗಿ ಉಳಿದ ನೂರು ರೂಪಾಯಿ ನಿಮ್ಮ ಜೇಬಿನಲ್ಲೇ ನೆನೆಯಲಿ.

ತಮಾಷೆ ಸಾಕು. ಬ್ಯಾಂಕಿನ ಕೆಲಸವನ್ನು ಗ್ರಾಹಕ ಮಾಡುತ್ತಿದ್ದಾನೆ, ಅದಕ್ಕೆ ಶುಲ್ಕವನ್ನೂ ಅವನೇ ಕೊಡುತ್ತಿದ್ದಾನೆ. ಬೇರೆ ಬ್ಯಾಂಕಿನ ಎಟಿಎಂ ನಮ್ಮಂಥ ಊರಿನಲ್ಲಿ ತಿಂಗಳಿಗೆ ಐದು ಸಲ ಉಚಿತ. ಬರೀ ಬ್ಯಾಲೆನ್ಸ್ ನೋಡಿದರೂ ಅದು ಲೆಕ್ಕಕ್ಕೆ ಸೇರುತ್ತದೆ. ಅದು ಮುಗಿದ ಮೇಲೆ ಹಣ ತೆಗೆದರೆ 2025ರ ಮೇ 1ರಿಂದ ಒಂದು ಸಲಕ್ಕೆ 23 ರೂಪಾಯಿವರೆಗೆ ಹಿಡಿಯಬಹುದು. ಗುಂಡಿ ಎಲ್ಲಿದೆ ಎಂದು ಹುಡುಕುವ ಎಪ್ಪತ್ತೈದರ ಅಜ್ಜಿ ಹಿಂದೆ ನಿಂತ ಅಪರಿಚಿತನ ಕೈಗೆ ಕಾರ್ಡು ಕೊಟ್ಟು ಪಿನ್ ಹೇಳುತ್ತಾರೆ. ‘ಪಿನ್ ಯಾರಿಗೂ ಹೇಳಬೇಡಿ’ ಎಂಬ ಫಲಕ ಅವರ ತಲೆಯ ಮೇಲೇ ಇರುತ್ತದೆ. ನಾಳೆ ದುಡ್ಡು ಹೋದರೆ ತಪ್ಪು ಅಜ್ಜಿಯದ್ದು. ಅರ್ಥವಾಗದ ಪರದೆ ಬರೆದವರದ್ದಲ್ಲ.

ಖಾತೆಯಿಂದ ದುಡ್ಡು ಹೋಗಿ ಕೈಗೆ ಬಾರದಿದ್ದರೆ ರಿಸರ್ವ್ ಬ್ಯಾಂಕಿನ 2019ರ ನಿಯಮ ಉಂಟು: ಐದು ದಿನದೊಳಗೆ ವಾಪಸ್, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗ್ರಾಹಕ ಕೇಳದಿದ್ದರೂ ಕೊಡಬೇಕು. ಕೊಡದಿದ್ದರೆ ಕೇಳಲು ಹೋಗಿ. ಯಂತ್ರದ ಗುರುತು, ಸಮಯ, ವ್ಯವಹಾರದ ಸಂಖ್ಯೆ ಬೇಕು ಅನ್ನುತ್ತಾರೆ. ಮೂರೂ ರಸೀದಿಯಲ್ಲಿರುತ್ತವೆ. ರಸೀದಿ ಕೇಳಿದಾಗ ಪರದೆ ಹೇಳಿದ್ದು, ‘ಕಾಗದ ಮುಗಿದಿದೆ, ಮುಂದುವರಿಸುವಿರಾ?’