ಬೈಕ್ ಹಳೆಯದಾಗಿಲ್ಲ, ಬ್ಯಾಟರಿಯ ಆಯಸ್ಸು ಮುಗಿದಿದೆ ಅಷ್ಟೆ

ನನ್ನ ಎಲೆಕ್ಟ್ರಿಕ್ ಬೈಕಿಗೆ ಈಗ ಒಂಬತ್ತು ವರ್ಷ. ಪೆಡಲ್ ಇರುವ, ಹಿಂದಿನ ಚಕ್ರದಲ್ಲಿ ಹಬ್ ಮೋಟರ್ ಇರುವ ಸಾದಾ ಬೈಕ್. ಹೋದ ವರ್ಷ ನೋಡಿದವರೆಲ್ಲ ಅದನ್ನು ಕೊಟ್ಟುಬಿಡು, ಹೊಸದು ತಗೋ ಅಂದರು. ನಾನು ಕೊಡಲಿಲ್ಲ. ಬ್ಯಾಟರಿ ಮಾತ್ರ ಬದಲಿಸಿದೆ. ಮೊದಲ ಸಲ ಎಡವಿದೆ, ಎರಡನೇ ಸಲ ಸರಿಹೋಯಿತು. ಎರಡನ್ನೂ ಬರೆಯಬೇಕು ಅನ್ನಿಸಿತು. ಬರಹ ಸ್ವಲ್ಪ ಉದ್ದ ಇದೆ. ಹಳೇ ಬೈಕ್ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ.

ಸಮತಟ್ಟು ರಸ್ತೆಯಲ್ಲಿ ಬೈಕ್ ಚೆನ್ನಾಗಿಯೇ ಓಡುತ್ತಿತ್ತು. ಏರು ಬಂದ ಕೂಡಲೇ ಆಫ್. ಇಳಿದು ಎರಡು ನಿಮಿಷ ನಿಂತು ಮತ್ತೆ ಆನ್ ಮಾಡಿದರೆ ಮೀಟರ್‌ನಲ್ಲಿ ಅರ್ಧದಷ್ಟು ಚಾರ್ಜ್ ಕಾಣುತ್ತಿತ್ತು. ಇದನ್ನು ನೋಡಿ ಮೋಟರ್ ಹೋಯಿತು ಅಂದುಕೊಳ್ಳುವವರು ತುಂಬಾ ಜನ. ನಾನೂ ಮೊದಲು ಹಾಗೇ ಅಂದುಕೊಂಡೆ. ಎಷ್ಟೋ ಬೈಕ್‌ಗಳು ಇದೇ ಕಾರಣಕ್ಕೆ ಗುಜರಿಗೆ ಹೋಗುತ್ತವೆ ಅಂತ ನೆನೆದರೆ ಈಗ ಸಂಕಟ ಆಗುತ್ತದೆ.

ಆಗುವುದು ಇಷ್ಟೇ. ಪ್ರತಿ ಬ್ಯಾಟರಿಯ ಒಳಗೂ ಕರೆಂಟ್ ಹರಿಯುವುದಕ್ಕೆ ಒಂದು ತಡೆ ಇರುತ್ತದೆ. ಹೊಸ ಬ್ಯಾಟರಿ ಪ್ಯಾಕ್‌ನಲ್ಲಿ ಅದು ತುಂಬಾ ಕಡಿಮೆ, ಉದಾಹರಣೆಗೆ 0.1 ಓಮ್ ಅಂತಿಟ್ಟುಕೊಳ್ಳಿ. ವರ್ಷ ಕಳೆದಂತೆ, ಮತ್ತೆ ಮತ್ತೆ ಚಾರ್ಜ್ ಮಾಡಿ ಬಳಸಿದಂತೆ ಅದು ಏರುತ್ತಾ ಹೋಗುತ್ತದೆ. ಹಳೇ ಪ್ಯಾಕ್‌ನಲ್ಲಿ 0.4 ಓಮ್ ಆಯಿತು ಅನ್ನಿ. ಏರಿನಲ್ಲಿ ಮೋಟರ್ 15 ಆಂಪ್ ಎಳೆಯುತ್ತದೆ. 15 ಅನ್ನು 0.4ರಿಂದ ಗುಣಿಸಿದರೆ 6 ವೋಲ್ಟ್. ನಿಂತಾಗ 37 ವೋಲ್ಟ್ ತೋರಿಸುತ್ತಿದ್ದ ಬ್ಯಾಟರಿ ಏರು ಹತ್ತುವಾಗ 31ಕ್ಕೆ ಕುಸಿಯುತ್ತದೆ. ಮೋಟರ್‌ಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನೋಡಿಕೊಳ್ಳುವ ಭಾಗವೇ ಕಂಟ್ರೋಲರ್. 36 ವೋಲ್ಟ್‌ನ ಕಂಟ್ರೋಲರ್‌ಗಳು ಸಾಮಾನ್ಯವಾಗಿ ಆ ಆಸುಪಾಸಿನಲ್ಲೇ ಬ್ಯಾಟರಿ ಖಾಲಿ ಅಂತ ತಿಳಿದು ನಿಂತುಬಿಡುತ್ತವೆ. ಬೈಕ್ ನಿಲ್ಲಿಸಿದ ಕೂಡಲೇ ಹೊರೆ ಇಳಿಯಿತು, ವೋಲ್ಟ್ ಮತ್ತೆ ಮೇಲೆ ಬಂತು, ಮೀಟರ್ ಅರ್ಧ ಇದೆ ಅಂತ ತೋರಿಸಿತು. ಮೀಟರ್ ಸುಳ್ಳು ಹೇಳುತ್ತಿಲ್ಲ, ಮೋಟರ್ ಕೆಟ್ಟಿಲ್ಲ. ಬ್ಯಾಟರಿಯಲ್ಲಿ ದಮ್ಮಿಲ್ಲ.

ಹಾಗಾಗಿ ಯಾರಾದರೂ ಬೈಕ್ ಏರಿನಲ್ಲಿ ನಿಲ್ಲುತ್ತದೆ ಅಂದರೆ ನಾನು ಕೇಳುವುದು ಒಂದೇ: ಹತ್ತುವಾಗ ವೋಲ್ಟ್ ಎಷ್ಟಕ್ಕೆ ಇಳಿಯಿತು ನೋಡಿದ್ರಾ? ತುಂಬಾ ಡಿಸ್‌ಪ್ಲೇಗಳಲ್ಲಿ ಗೆರೆಗಳ ಬದಲು ವೋಲ್ಟ್ ತೋರಿಸುವ ಸೆಟ್ಟಿಂಗ್ ಇರುತ್ತದೆ. ಅದನ್ನು ಹಾಕಿಕೊಂಡು ಒಂದು ಏರು ಹತ್ತಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಈಗ ನಾನು ಎಡವಿದ ಕಥೆ. ಈ ಕೆಲಸ ಗೊತ್ತು ಅಂದ ಒಬ್ಬರ ಹತ್ತಿರ ಪ್ಯಾಕ್ ಬಿಚ್ಚಿಸಿದೆ. ಒಳಗೆ 40 ಸೆಲ್, ಅಂದರೆ ಟಾರ್ಚಿನ ಬ್ಯಾಟರಿಯಂಥ ಪುಟ್ಟ ಕೊಳವೆಗಳು. ಪಕ್ಕಪಕ್ಕ ಸೇರಿಸಿದ ನಾಲ್ಕು ನಾಲ್ಕು ಸೆಲ್‌ಗಳ ಹತ್ತು ಗುಂಪು, ಆ ಹತ್ತೂ ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ. ಪಕ್ಕಪಕ್ಕ ಸೇರಿಸಿದಾಗ ವೋಲ್ಟ್ ಕೂಡುವುದಿಲ್ಲ, ಹಾಗಾಗಿ ಒಂದು ಗುಂಪಿಗೆ 3.6 ವೋಲ್ಟ್, ಹತ್ತಕ್ಕೆ 36. ಲೆಕ್ಕ ಅಷ್ಟೇ. ಮಲ್ಟಿಮೀಟರ್ ಇಟ್ಟು ನೋಡಿದರೆ ಒಂಬತ್ತು ಗುಂಪು 3.7ರ ಹತ್ತಿರ ಇವೆ, ಒಂದು ಮಾತ್ರ 3.2ಕ್ಕೆ ಬಿದ್ದಿದೆ. ಆ ಒಂದು ಗುಂಪು ಬದಲಿಸಿದರೆ ಸಾಕು, ಪೂರ್ತಿ ಯಾಕೆ ಅಂದರು. ಮಾತು ಸರಿ ಅನ್ನಿಸಿತು. ನಾಲ್ಕು ಹೊಸ ಸೆಲ್ ಕೂರಿಸಿದರು. ಮೂರು ವಾರ ಬೈಕ್ ಹಾರಿಕೊಂಡು ಹೋಯಿತು. ಆಮೇಲೆ ಮತ್ತೆ ಅದೇ ಏರು, ಅದೇ ಕಥೆ.

ಯಾಕೆ ಹೀಗಾಯಿತು ಅಂತ ಆಮೇಲೆ ಕೂತು ಓದಿ ತಿಳಿದುಕೊಂಡೆ. ಸೀರೀಸ್‌ನಲ್ಲಿ ಎಲ್ಲ ಗುಂಪುಗಳ ಮೂಲಕ ಒಂದೇ ಕರೆಂಟ್ ಹರಿಯುತ್ತದೆ. ಅತಿ ದುರ್ಬಲ ಗುಂಪು ಯಾವಾಗ ಖಾಲಿ ಆಗುತ್ತದೋ ಆಗ ಪೂರ್ತಿ ಪ್ಯಾಕ್ ಖಾಲಿ. ಉಳಿದವುಗಳಲ್ಲಿ ಎಷ್ಟೇ ಇದ್ದರೂ ಅದು ಕೈಗೆ ಸಿಗುವುದಿಲ್ಲ. ಒಂಬತ್ತನೇ ವರ್ಷದ ಸೆಲ್‌ಗಳ ನಡುವೆ ಹೊಸದನ್ನು ಇಟ್ಟರೆ ಹೊಸದರ ಶಕ್ತಿ ಪೂರ್ತಿ ಬಳಕೆಯಾಗುವುದಿಲ್ಲ. ಹಳೆಯವುಗಳಲ್ಲಿ ಇನ್ನೊಂದು ಗುಂಪು ಸೋಲಲು ತಯಾರಾಗಿ ಕೂತಿರುತ್ತದೆ. ಅಷ್ಟೂ ಸೆಲ್ ಒಂದೇ ವಯಸ್ಸಿನವು, ಒಂದೇ ದಾರಿ ಓಡಿದವು. ಒಂದಕ್ಕೆ ವಯಸ್ಸಾಗಿದ್ದರೆ ಉಳಿದವು ಹದಿಹರೆಯದಲ್ಲಿ ಇರಲು ಸಾಧ್ಯವಾ? ಹಳೇ ಸೆಲ್, ಹೊಸ ಸೆಲ್ ಬೆರೆಸುವುದು ಬೇಡವೇ ಬೇಡ. ಯಾರು ಹೇಳಿದರೂ ಬೇಡ.

ಆ ಮೊದಲ ಗುಂಪು ಯಾಕೆ ಬಿತ್ತು ಅನ್ನುವುದಕ್ಕೆ ನನ್ನದೂ ಪಾಲಿದೆ. ಒಮ್ಮೆ ಬೈಕನ್ನು ಖಾಲಿ ಬ್ಯಾಟರಿಯಲ್ಲೇ ಕೆಲವು ತಿಂಗಳು ನಿಲ್ಲಿಸಿದ್ದೆ. ಲಿಥಿಯಂ ಸೆಲ್‌ಗಳು ಸುಮ್ನೆ ಇದ್ದರೂ ಸ್ವಲ್ಪ ಸ್ವಲ್ಪ ಇಳಿಯುತ್ತವೆ. ಜೊತೆಗೆ ಸೆಲ್‌ಗಳು ಮಿತಿ ಮೀರದಂತೆ ಕಾಯುವ, ಒಳಗಿರುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಬೋರ್ಡ್ ಕೂಡ ಚೂರು ಕರೆಂಟ್ ಕುಡಿಯುತ್ತಿರುತ್ತದೆ. ಖಾಲಿ ಇಟ್ಟರೆ ಸೆಲ್ ಹಾಳಾಗುವ ಮಟ್ಟಕ್ಕೆ ಇಳಿದುಬಿಡುತ್ತದೆ. ಪೂರ್ತಿ ತುಂಬಿ ಬಿಸಿ ಜಾಗದಲ್ಲಿ ಇಡುವುದೂ ಒಳ್ಳೆಯದಲ್ಲ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಅರ್ಧ ಚಾರ್ಜ್, ತಂಪು ಜಾಗ. ನಡುನಡುವೆ ಒಮ್ಮೆ ನೋಡಿ.

ಎರಡನೇ ಸಲ ಮಾಡಿದ್ದು ಹೀಗೆ. ಹಳೇ ಡಬ್ಬಿ ಉಳಿಸಿಕೊಂಡೆ. ಒಳಗಿನ 40 ಸೆಲ್, ಬಿಎಂಎಸ್, ಸೆಲ್ ಜೋಡಿಸುವ ಲೋಹದ ಪಟ್ಟಿ, ಎಲ್ಲ ಹೊಸದು. ಪ್ಯಾಕ್ ಕಟ್ಟುವುದೇ ಕಸುಬಾಗಿರುವ, ಸ್ಪಾಟ್ ವೆಲ್ಡಿಂಗ್ ಮಷೀನ್ ಇರುವ ಕಡೆ ಮಾಡಿಸಿದೆ. ಸೆಲ್ ಮೇಲೆ ನೇರ ಬೆಸುಗೆ ಹಾಕಿದರೆ ಆ ಬಿಸಿಗೆ ಸೆಲ್ಲೇ ಕೆಡಬಹುದು. ಅದಕ್ಕೇ ಕ್ಷಣಮಾತ್ರ ಕಾಯಿಸಿ ಅಂಟಿಸುವ ಸ್ಪಾಟ್ ವೆಲ್ಡಿಂಗ್ ಬೇಕು. ಇದನ್ನು ಮನೆಯಲ್ಲಿ ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. 36 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯದೇ ಇರಬಹುದು, ಆದರೆ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪ್ ಹರಿದು ಲೋಹವೇ ಕೆಂಪಗಾಗುತ್ತದೆ.

ಈ ಬದಲಾವಣೆಯಲ್ಲಿ ನನಗೆ ತುಂಬಾ ಖುಷಿ ಕೊಟ್ಟ ವಿಷಯ ಇದು. ನನ್ನ ಹಳೇ ಸೆಲ್‌ಗಳು 18650 ಅಳತೆಯವು. ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದೊಂದು ಹಿಡಿಯುವ ಚಾರ್ಜ್ 2.5 ಆಂಪ್-ಅವರ್. ಇವತ್ತು ಅದೇ ಅಳತೆಯಲ್ಲಿ, ಹೆಚ್ಚುಕಡಿಮೆ ಅದೇ ತೂಕದಲ್ಲಿ 3.5 ಆಂಪ್-ಅವರ್‌ನ ಸೆಲ್ ಸಿಗುತ್ತದೆ. ಹಾಗಾಗಿ ಅದೇ ಡಬ್ಬಿಯಲ್ಲಿ, ಗುಂಪಿನ ನಾಲ್ಕು ಸೆಲ್ ಸೇರಿ 10 ಆಂಪ್-ಅವರ್ ಇದ್ದದ್ದು 14 ಆಯಿತು. ಅದನ್ನು 36 ವೋಲ್ಟ್‌ನಿಂದ ಗುಣಿಸಿದರೆ ಸಿಗುವ ಒಟ್ಟು ಶಕ್ತಿ 360 ವ್ಯಾಟ್-ಅವರ್ ಇದ್ದದ್ದು 504 ಆಯಿತು. ನಾನು ಪೆಡಲ್ ತುಳಿಯುತ್ತಾ ಹೋಗುವವನು, ಕಿಲೋಮೀಟರ್‌ಗೆ ಸುಮಾರು 10 ವ್ಯಾಟ್-ಅವರ್ ಖರ್ಚು. ಬೈಕ್ ಹೊಸದಾಗಿದ್ದಾಗ ಹೋಗುತ್ತಿದ್ದದ್ದು 36 ಕಿಲೋಮೀಟರ್, ಈಗ 50. ಒಂಬತ್ತು ವರ್ಷದ ಬೈಕ್ ತಾನು ಹುಟ್ಟಿದ ದಿನಕ್ಕಿಂತ ದೂರ ಓಡುತ್ತಿದೆ!

21700 ಅನ್ನುವ ಇನ್ನೂ ದೊಡ್ಡ ಸೆಲ್ ಇದೆ, 5 ಆಂಪ್-ಅವರ್‌ನದೂ ಸಿಗುತ್ತದೆ. ಆದರೆ 18650ಗೆ ಅಂತ ಮಾಡಿದ ಡಬ್ಬಿಯಲ್ಲಿ ಅವು ಅಷ್ಟೇ ಸಂಖ್ಯೆಯಲ್ಲಿ ಕೂರುವುದಿಲ್ಲ. ಇನ್ನೊಂದು ಎಚ್ಚರಿಕೆ. ಒಂದೇ 18650 ಸೆಲ್ ಮೇಲೆ 9900 ಮಿಲಿಆಂಪ್-ಅವರ್ (9.9 ಆಂಪ್-ಅವರ್) ಅಂತ ಬರೆದಿದ್ದರೆ ಅದು ಶುದ್ಧ ಸುಳ್ಳು. ಸಂಶಯ ಬಂದರೆ ತೂಕ ನೋಡಿ. ಒಳ್ಳೆಯ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ನಕಲಿ ಸೆಲ್ ತುಂಬಾ ಸಲ ಕೈಯಲ್ಲಿ ಹಿಡಿದಾಗಲೇ ಹಗುರ ಅನ್ನಿಸುತ್ತದೆ. ಸೆಲ್‌ಗಳನ್ನು ಜೋಡಿಸುವ ಪಟ್ಟಿಯಲ್ಲೂ ಮೋಸ ಇದೆ. ಅದು ಪೂರ್ತಿ ನಿಕ್ಕಲ್ ಆಗಿರಬೇಕು. ನಿಕ್ಕಲ್ ಲೇಪಿಸಿದ ಉಕ್ಕಾದರೆ ಬೇಗ ಬಿಸಿಯಾಗುತ್ತದೆ. ಒಂದು ತುಂಡು ಪಟ್ಟಿ ಕೇಳಿ ತನ್ನಿ, ಗೀರು ಹಾಕಿ ಉಪ್ಪುನೀರಿನಲ್ಲಿ ಇಡಿ. ಉಕ್ಕಾದರೆ ತುಕ್ಕು ಬರುತ್ತದೆ. ನಾನು ಹಾಗೇ ಮಾಡಿದೆ.

ಇನ್ನು ಎಲ್ಲರಿಗೂ ಬರುವ ಆಸೆ. ಹೇಗೂ ಬದಲಿಸುತ್ತಿದ್ದೇವೆ, 36ರ ಬದಲು 48 ವೋಲ್ಟ್ ಹಾಕಿದರೆ? ಸ್ಪೀಡ್ ಜಾಸ್ತಿ ಅಲ್ವಾ? ಹೌದು, ಜಾಸ್ತಿ. ಹೊರೆ ಇಲ್ಲದಾಗ ಮೋಟರ್ ಮೂರನೇ ಒಂದು ಭಾಗದಷ್ಟು ಹೆಚ್ಚು ಜೋರಾಗಿ ತಿರುಗುತ್ತದೆ. ಆದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಜೊತೆ ಅದೇ ಲೆಕ್ಕದಲ್ಲಿ ಏರುವುದಿಲ್ಲ. ವೇಗ 1.33 ಪಟ್ಟಾದರೆ ಗಾಳಿಗೆ ಕೊಡಬೇಕಾದ ಶಕ್ತಿ ಸುಮಾರು 2.4 ಪಟ್ಟು. ಅಷ್ಟು ಶಕ್ತಿ ಕೊಡುವಾಗ ಹುಟ್ಟುವ ಹೆಚ್ಚಿನ ಬಿಸಿ, ಹೊರೆ ಎಲ್ಲ ಹಳೇ ಮೋಟರ್ ಒಳಗಿನ ತಂತಿ ಮತ್ತು ನೈಲಾನ್ ಗೇರ್‌ಗಳ ಮೇಲೆ ಬೀಳುತ್ತದೆ. 48 ವೋಲ್ಟ್ ಅನ್ನುವ 13 ಗುಂಪಿನ ಪ್ಯಾಕ್ ಪೂರ್ತಿ ತುಂಬಿದಾಗ 54.6 ವೋಲ್ಟ್ ಇರುತ್ತದೆ. ಕಂಟ್ರೋಲರ್‌ನ ಕೆಪಾಸಿಟರ್ ಎಷ್ಟು ವೋಲ್ಟ್ ತಾಳುತ್ತದೆ, ಡಿಸ್‌ಪ್ಲೇ ಎಷ್ಟು ತಾಳುತ್ತದೆ ಅಂತ ನೋಡದೆ ಹಾಕಿದರೆ ಸುಟ್ಟುಹೋಗಬಹುದು.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಹಳೇ ಕಂಟ್ರೋಲರ್ ಬ್ಯಾಟರಿ ಖಾಲಿ ಅಂತ ತಿಳಿಯುವುದು 31 ವೋಲ್ಟ್‌ಗೆ. 13 ಗುಂಪಿಗೆ ಹಂಚಿದರೆ ಸೆಲ್‌ಗೆ 2.4 ವೋಲ್ಟ್. ಸೆಲ್ ಅಷ್ಟು ಕೆಳಗೆ ಇಳಿಯಲೇಬಾರದು. ಅಂದರೆ ಕಂಟ್ರೋಲರ್‌ನ ಕಾವಲು ಇದ್ದೂ ಇಲ್ಲದಂತೆ. ಉಳಿಯುವುದು ಬಿಎಂಎಸ್ ಒಂದೇ. ಬ್ರೇಕ್, ಫೋರ್ಕ್, ಚಕ್ರ ಎಲ್ಲ ಹಳೇ ವೇಗಕ್ಕೆ ಮಾಡಿದ್ದು ಅನ್ನುವುದು ಬೇರೆ. ಎಷ್ಟೋ ಕಡೆ ಕಾನೂನೂ ಅಡ್ಡ ಬರುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಮೋಟರ್ 250 ವ್ಯಾಟ್ ದಾಟಿದರೆ, ಅಥವಾ ಗಂಟೆಗೆ 25 ಕಿಲೋಮೀಟರ್ ದಾಟಿದ ಮೇಲೂ ಮೋಟರ್ ನೆರವು ಕೊಟ್ಟರೆ, ಅದು ಸೈಕಲ್ ಅನ್ನಿಸಿಕೊಳ್ಳುವುದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ. ಹಳೇ ಬೈಕಿಗೆ ವೋಲ್ಟ್ ಏರಿಸಬೇಡಿ, ಆಂಪ್-ಅವರ್ ಏರಿಸಿ. ಸೆಲ್ ಹೆಚ್ಚು ಚಾರ್ಜ್ ಹಿಡಿದಷ್ಟೂ, ಅದರ ಸಾಮರ್ಥ್ಯಕ್ಕೆ ಹೋಲಿಸಿದರೆ ಅದರ ಮೇಲಿನ ಹೊರೆ ಕಡಿಮೆ. ದೂರವೂ ಸಿಗುತ್ತದೆ, ಆಯಸ್ಸೂ ಸಿಗುತ್ತದೆ.

ಹಳೇ ಲೆಡ್-ಆಸಿಡ್ ಬೈಕ್ ಇರುವವರಿಗೆ ಲಿಥಿಯಂ ಹಾಕಿದರೆ ಆಗುವ ವ್ಯತ್ಯಾಸ ನಂಬಲಾಗದಷ್ಟು ದೊಡ್ಡದು. 12 ವೋಲ್ಟ್‌ನ ಮೂರು ಲೆಡ್-ಆಸಿಡ್ ಬ್ಯಾಟರಿ ಹತ್ತಕ್ಕಿಂತ ಜಾಸ್ತಿ ಕಿಲೋ ತೂಗುತ್ತವೆ. ಅಷ್ಟೇ ಶಕ್ತಿಯ ಲಿಥಿಯಂ ಪ್ಯಾಕ್ ಮೂರು ಕಿಲೋ ಆಸುಪಾಸು. ಆದರೆ ಚಾರ್ಜರ್ ಬದಲಿಸಲೇಬೇಕು. ಲೆಡ್-ಆಸಿಡ್ ಚಾರ್ಜರ್ ಅನ್ನು ಲಿಥಿಯಂಗೆ ಚುಚ್ಚುವುದು ಬೆಂಕಿಯ ಜೊತೆ ಆಟ. 36 ವೋಲ್ಟ್‌ನ ಲಿಥಿಯಂ-ಅಯಾನ್ ಪ್ಯಾಕ್‌ಗೆ 42 ವೋಲ್ಟ್‌ನ ಚಾರ್ಜರ್ ಬೇಕು, 48ಕ್ಕೆ 54.6 ವೋಲ್ಟ್‌ನದು. ಪ್ಲಗ್ ಕೂತಿತು ಅಂದ ಮಾತ್ರಕ್ಕೆ ಚಾರ್ಜರ್ ಸರಿಯಾದದ್ದು ಅಂತಲ್ಲ. ಹಿಂದೆ ಅಂಟಿಸಿರುವ ಚೀಟಿ ಓದಿ.

ಬೆಂಕಿಯ ವಿಷಯ ಬಂತಲ್ಲ, ಅದರಲ್ಲಿ ನನಗೆ ಸ್ವಲ್ಪವೂ ಸಡಿಲ ಇಲ್ಲ. ಒಂದು ಸೆಲ್ ಒಳಗೇ ಶಾರ್ಟ್ ಆಗಿ ಕಾದರೆ ಆ ಬಿಸಿಗೆ ಪಕ್ಕದ್ದು, ಅದರ ಬಿಸಿಗೆ ಅದರ ಪಕ್ಕದ್ದು ಹೊತ್ತಿಕೊಳ್ಳುತ್ತದೆ. ಮುಚ್ಚಿ ಉಸಿರು ಕಟ್ಟಿಸಿದರೆ ಆರುವ ಬೆಂಕಿ ಅಲ್ಲ ಅದು. ಹಳೇ ಲ್ಯಾಪ್‌ಟಾಪ್‌ಗಳಿಂದ ಕಿತ್ತ ಸೆಲ್‌ಗಳಲ್ಲಿ ಅಗ್ಗಕ್ಕೆ ಪ್ಯಾಕ್ ಕಟ್ಟಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಬೇಡ ಅನ್ನಿ. ಉಳಿತಾಯ ಮಾಡಲು ಬೈಕಿನಲ್ಲಿ ಬೇರೆ ಎಷ್ಟೋ ಜಾಗ ಇದೆ, ಬ್ಯಾಟರಿ ಆ ಜಾಗ ಅಲ್ಲ. ಹೊಸ ಪ್ಯಾಕ್ ಬಂದ ಮೇಲೂ ನಾನು ರಾತ್ರಿ ಮಲಗಿದಾಗ ಚಾರ್ಜ್‌ಗೆ ಇಡುವುದಿಲ್ಲ, ಹೊರಗೆ ಹೋಗುವ ಬಾಗಿಲ ಬಳಿ ಇಡುವುದಿಲ್ಲ. ಚಳಿ ಸೊನ್ನೆ ಡಿಗ್ರಿಗಿಂತ ಕೆಳಗಿರುವ ಕಡೆ ಇರುವವರು ಬ್ಯಾಟರಿಯನ್ನು ಒಳಗೆ ತಂದು, ಅದರ ಚಳಿ ಬಿಟ್ಟ ಮೇಲೆ ಚಾರ್ಜ್ ಮಾಡಿ. ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಲೋಹವಾಗಿ ಪದರಗಟ್ಟುತ್ತದೆ. ಆ ಹಾನಿ ಮತ್ತೆ ಸರಿಹೋಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನನಗೆ ಉಳಿದಿರುವುದು ಒಂದು ಬೇಸರ. ಬೈಕ್ ಮಾಡಿದ ಕಂಪನಿಗೆ ಮೊದಲು ಬರೆದು ಕೇಳಿದ್ದೆ. ಆ ಮಾಡೆಲ್‌ನ ಬ್ಯಾಟರಿ ನಿಲ್ಲಿಸಿದ್ದೇವೆ, ಹೊಸ ಬೈಕ್ ನೋಡಿ ಅಂದರು. ಒಳಗಿರುವ 18650 ಸೆಲ್ ಜಗತ್ತಿನಲ್ಲೆಲ್ಲ ಒಂದೇ ಅಳತೆ. ಸೋನಿ ಮೊದಲ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. 18650 ಅನ್ನುವ ಅಳತೆಯೂ ಆ ದಶಕದ್ದೇ, ಈಗಲೂ ನಡೆಯುತ್ತಿದೆ. ಬೇರೆ ಬೇರೆ ಆಗಿರುವುದು ಪ್ಲಾಸ್ಟಿಕ್ ಡಬ್ಬಿಯ ಆಕಾರ, ಪ್ಲಗ್ಗಿನ ಪಿನ್ನು ಮಾತ್ರ. ಕೆಲವು ಬೈಕ್‌ಗಳಲ್ಲಿ ಮೋಟರ್ ಮತ್ತು ಬ್ಯಾಟರಿ ಸಾಫ್ಟ್‌ವೇರ್ ಮೂಲಕ ಮಾತಾಡಿಕೊಳ್ಳುತ್ತವೆ, ಬೇರೆ ಬ್ಯಾಟರಿ ಹಾಕಿದರೆ ಬೈಕ್ ಆನ್ ಆಗುವುದೇ ಇಲ್ಲ. ಸುರಕ್ಷತೆಗೆ ಅಂತಾರೆ. ಸುರಕ್ಷತೆ ಬೇಕು, ಒಪ್ಪುತ್ತೇನೆ. ಹಾಗಾದರೆ ಹತ್ತು ವರ್ಷ ಬಿಡಿ ಬ್ಯಾಟರಿ ಕೊಡಿ. ಕೊಡುವುದೂ ಇಲ್ಲ, ಬೇರೆಯವರು ಕೊಟ್ಟದ್ದನ್ನು ಹಾಕಲು ಬಿಡುವುದೂ ಇಲ್ಲ ಅಂದರೆ ಚೆನ್ನಾಗಿರುವ ಫ್ರೇಮ್, ಮೋಟರ್, ಚಕ್ರ ಎಲ್ಲ ಗುಜರಿಗೆ ಹೋಗಬೇಕಾ?

ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ನಿಯಮದಲ್ಲಿ ಇದಕ್ಕೆ ಉತ್ತರ ಇದೆ. 2027ರ ಫೆಬ್ರವರಿ 18ರಿಂದ ಎಲೆಕ್ಟ್ರಿಕ್ ಸೈಕಲ್‌ನಂಥ ಹಗುರ ವಾಹನಗಳ ಬ್ಯಾಟರಿಯನ್ನು, ಅದರ ಒಳಗಿನ ಸೆಲ್‌ಗಳನ್ನೂ ಸೇರಿಸಿ, ಕಂಪನಿಗೆ ಸೇರದ ರಿಪೇರಿಯವರೂ ತೆಗೆದು ಬದಲಿಸುವಂತೆ ಇರಬೇಕು. ಸಾಫ್ಟ್‌ವೇರ್ ಹಾಕಿ ಅದನ್ನು ತಡೆಯುವಂತಿಲ್ಲ. ಓದಿದಾಗ ಸಮಾಧಾನ ಆಯಿತು. ಇಂಥದ್ದು ಎಲ್ಲ ಕಡೆ ಬರಬೇಕು. ಟೈರ್ ಸವೆದರೆ ಯಾರೂ ಬೈಕ್ ಬಿಸಾಡುವುದಿಲ್ಲ. ಬ್ಯಾಟರಿಯೂ ಸವೆಯುವ ವಸ್ತುವೇ, ಅಷ್ಟು ಸುಲಭವಾಗಿ ಸಿಗಬೇಕಾದ ವಸ್ತುವೇ.

ಹಳೇ ಸೆಲ್‌ಗಳ ತುದಿಗಳಿಗೆಲ್ಲ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟು ಬಂದೆ. ಕಸದ ಬುಟ್ಟಿಗೆ ಮಾತ್ರ ಹಾಕಬೇಡಿ. ಹೊಸ ಪ್ಯಾಕ್‌ನಲ್ಲಿ ಮೊದಲ ದಿನವೇ ಆ ಏರಿಗೆ ಹೋದೆ. ಕೆಳಗೆ 40 ವೋಲ್ಟ್ ಇತ್ತು, ಹತ್ತುವಾಗ 38ರ ಕೆಳಗೆ ಇಳಿಯಲಿಲ್ಲ. ತುದಿಯಲ್ಲಿ ನಿಂತು ಡಿಸ್‌ಪ್ಲೇ ನೋಡುತ್ತಾ ಸುಮ್ಮನೆ ನಕ್ಕೆ. ಡಬ್ಬಿ ಮುಚ್ಚುವ ಮೊದಲು ಮುಚ್ಚಳದ ಒಳಗಡೆ ಮಾರ್ಕರ್‌ನಲ್ಲಿ ಎಲ್ಲ ಬರೆಸಿದ್ದೇನೆ. ಯಾವ ಸೆಲ್, ಎಷ್ಟು ಗುಂಪು, ಬಿಎಂಎಸ್ ಎಷ್ಟು ಆಂಪ್, ಯಾವ ದಿನ ಕಟ್ಟಿದ್ದು. ಇನ್ನೊಂದು ಏಳೆಂಟು ವರ್ಷಕ್ಕೆ ಇದನ್ನು ಬಿಚ್ಚುವವರಿಗೆ ಬೇಕಾಗುತ್ತದೆ.