ಇದಾ ಮಡಿಕೇರಿ ಮಳೆ?

"ಮಡಿಕೇರಿ ಮಳೆ" ಅಂತ ಎಐ ಸದ್ದು ಮಾರೋರೇ, ಒಂದ್ಸಲ ಹೆಡ್‌ಫೋನ್ ಹಾಕಿ ಕೇಳಿ ಮಾರಾಯ್ರೆ! ಶೀಟಿನ ಮೇಲೆ ಬಡಿಯೋ ಜುಲೈ ಮಳೆಯಲ್ಲ ಅದು, ಹಪ್ಪಳ ಕರಿಯೋ ಸದ್ದು. ಹಿಂಡಿ ಸಣ್ಣದು ಮಾಡಿದ 128 ಕೆಬಿಪಿಎಸ್ ಎಂಪಿ3 ಇಳಿಸಿಕೊಂಡು ಸ್ಟುಡಿಯೊ ಗುಣಮಟ್ಟದ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಮಾಡಿದ್ರೆ ಫೈಲ್ ದಪ್ಪ ಆಗುತ್ತೆ, ಅಷ್ಟೆ. ಅಡಾಸಿಟಿ ಅನ್ನೋ ಆಡಿಯೊ ಎಡಿಟರ್ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಆವರ್ತನದ ಸದ್ದು ಎಷ್ಟಿದೆ ಅಂತ ತೋರಿಸೋ ಚಿತ್ರ) ತೆರೆದು ನೋಡಿ: ಸುಮಾರು 16 ಕಿಲೋಹರ್ಟ್ಸ್ ಮೇಲೆ ಕತ್ತರಿಸಿದ ಹಾಗೆ ಖಾಲಿ. ಹೋದದ್ದು ವಾಪಸ್ ಬರಲ್ಲ. ನಿಲ್ಲದೆ ಮತ್ತೆ ಮತ್ತೆ ಸುತ್ತೋ ಲೂಪ್ ಅಂತೀರಿ, ಸುತ್ತು ಮುಗಿದಾಗೆಲ್ಲ 'ಟಕ್'. ಕೊನೆಯ 2 ಸೆಕೆಂಡ್ ಕತ್ತರಿಸಿ ಶುರುವಿನ ಮೇಲೆ ಕ್ರಾಸ್‌ಫೇಡ್ (ಒಂದು ಸದ್ದು ಇಳೀತಾ ಇನ್ನೊಂದು ಏರೋ ಹಾಗೆ ಬೆರೆಸೋದು) ಮಾಡೋಕೆ ಎಷ್ಟೊತ್ತು ಬೇಕು? ಕೊಡವರ ಪುಟ್ಟ ಚರ್ಮವಾದ್ಯ ದುಡಿಯ ಸದ್ದು ಕೇಳಿದ್ರೆ ಎಐ ಢೋಲಕ್ ಕೊಡುತ್ತೆ. ಅದಕ್ಕೇ 'ಕೊಡವ ವಾದ್ಯ' ಅಂತ ಹೆಸರಿಟ್ಟು ಅಪ್‌ಲೋಡ್! ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ವೀಡಿಯೊ ಮಾಡೋರು ದುಡ್ಡು ವಾಪಸ್ ಕೇಳದೆ ಇರ್ತಾರಾ? ಇನ್ನು ಸುನೋ ಅನ್ನೋ ಎಐ ಸಂಗೀತ ಆ್ಯಪ್‌ನ ಪುಕ್ಕಟೆ ಪ್ಲಾನ್‌ನಲ್ಲಿ ಮಾಡಿದ್ದನ್ನು ಮಾರೋ ಹಾಗೇ ಇಲ್ಲ. ಆಮೇಲೆ ಚಂದಾ ಕಟ್ಟಿದ್ರೂ ಹಳೆಯದಕ್ಕೆ ಮಾರೋ ಹಕ್ಕು ಬರಲ್ಲ.