ಬ್ರಿಟನ್ನಿನ ಪಡಿತರ ಯುದ್ಧದೊಂದಿಗೇ ಮುಗಿಯಲಿಲ್ಲ: ಒಂದು ಸ್ಪಷ್ಟನೆ

ಎರಡನೇ ಮಹಾಯುದ್ಧ ಮುಗಿದ 1945ರಲ್ಲೇ ಬ್ರಿಟನ್ನಿನಲ್ಲಿ ಆಹಾರ ಪಡಿತರವೂ ರದ್ದಾಯಿತು ಎಂಬ ಬರಹವೊಂದು ಹರಿದಾಡುತ್ತಿದೆ. ಇದು ಸರಿಯಲ್ಲ. 1940ರ ಜನವರಿಯಲ್ಲಿ ಬೇಕನ್ (ಉಪ್ಪು ಹಾಕಿ ಹದಗೊಳಿಸಿದ ಹಂದಿಮಾಂಸ), ಬೆಣ್ಣೆ, ಸಕ್ಕರೆಯಿಂದ ಆರಂಭವಾದ ಈ ವ್ಯವಸ್ಥೆ ಪೂರ್ಣವಾಗಿ ಕೊನೆಗೊಂಡದ್ದು 1954ರ ಜುಲೈ 4ರಂದು, ಮಾಂಸದ ಮೇಲಿನ ನಿರ್ಬಂಧ ತೆರವಾದಾಗ.

ಯುದ್ಧದುದ್ದಕ್ಕೂ ಮುಕ್ತವಾಗಿ ಸಿಗುತ್ತಿದ್ದ ಬ್ರೆಡ್ ಪಡಿತರಕ್ಕೆ ಒಳಪಟ್ಟದ್ದೇ ಯುದ್ಧ ಮುಗಿದ ಮೇಲೆ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಜಗತ್ತಿನಾದ್ಯಂತ ಗೋಧಿಯ ಅಭಾವವಿದ್ದಾಗ, ಜರ್ಮನಿಯಲ್ಲಿ ತನ್ನ ಆಡಳಿತಕ್ಕೆ ಒಳಪಟ್ಟ ವಲಯದ ಜನರಿಗೂ ಬ್ರಿಟನ್ ಆಹಾರ ಒದಗಿಸಬೇಕಾಗಿ ಬಂದಿದ್ದರಿಂದ, ಪ್ರಧಾನಿ ಆಟ್ಲಿ ಅವರ ಲೇಬರ್ ಪಕ್ಷದ ಸರ್ಕಾರ 1946ರ ಜುಲೈನಲ್ಲಿ ಈ ಕ್ರಮ ಕೈಗೊಂಡಿತು. ಅದು ಎರಡು ವರ್ಷ ಜಾರಿಯಲ್ಲಿತ್ತು. ಮಿಠಾಯಿ, ಚಾಕೊಲೇಟ್‌ಗಳ ಮೇಲಿನ ಮಿತಿಯನ್ನು 1949ರ ಏಪ್ರಿಲ್‌ನಲ್ಲಿ ತೆಗೆದಾಗ ಬೇಡಿಕೆಗೆ ತಕ್ಕಷ್ಟು ಪೂರೈಸಲಾಗದೆ ಆಗಸ್ಟ್‌ನಲ್ಲಿ ಮತ್ತೆ ಹೇರಬೇಕಾಯಿತು. ಕೂಪನ್ ಇಲ್ಲದೆ ಮಿಠಾಯಿ ಕೊಳ್ಳಲು ಮಕ್ಕಳು 1953ರ ಫೆಬ್ರವರಿವರೆಗೆ ಕಾದರು.

ಗೆದ್ದ ದೇಶದ ಗೃಹಿಣಿಯರು ವರ್ಷಗಟ್ಟಲೆ ಸರದಿಯಲ್ಲಿ ನಿಂತ ಈ ಕಾಲವನ್ನು ಮರೆತರೆ, ಅವರ ಬೇಸರವನ್ನು ಚರ್ಚಿಲ್ ಅವರ ಕನ್ಸರ್ವೇಟಿವ್ ಪಕ್ಷ ಚುನಾವಣೆಯ ವಿಷಯವಾಗಿಸಿಕೊಂಡು, ಮತಗಳಿಕೆಯಲ್ಲಿ ಲೇಬರ್ ಪಕ್ಷವೇ ಮುಂದಿದ್ದರೂ, 1951ರಲ್ಲಿ ಅಧಿಕಾರಕ್ಕೆ ಮರಳಿದ್ದು ಅರ್ಥವಾಗುವುದಿಲ್ಲ.